ಕಮಾನಿನ ನಡುಗಲ್ಲು

ಆ ಬೆಳಿಗ್ಗೆ ಮಳೆ ಹೊಳವಾಗಿ ಎಳೆಬಿಸಿಲು ಬಿದ್ದಿತ್ತು. ಪ್ರತಿ ಮಳೆಗಾಲದಲ್ಲಿ ಕಡಲು ಪೇಟೆಯ ಚೌಕವನ್ನು ನುಂಗುವ ಮೊದಲೇ ಜನರು ಅಲ್ಲಿನ ಹಳೆಯ ಕಮಾನನ್ನು ಬಿಚ್ಚಿ, ಮನೆಗೊಂದು ಕಲ್ಲು ಒಯ್ಯುತ್ತಿದ್ದರು. ನೀರಿಳಿದ ಮೇಲೆ ತಂದು ಜೋಡಿಸುತ್ತಿದ್ದರು. ಈ ಸಲ ಕಮಾನಿನ ನೆತ್ತಿಯಲ್ಲಿ ಕೂರುವ ನಡುಗಲ್ಲು ಮಾತ್ರ ಬಂದಿರಲಿಲ್ಲ.

ಕಮಾನು ಕಟ್ಟುವ ಜಲಜಕ್ಕ ಅದನ್ನು ಒಯ್ದಿದ್ದ ತನಿಯಪ್ಪನ ಮನೆಗೆ ನುಗ್ಗಿದಳು. ಕಲ್ಲು ಕುಂಕುಮ ಬಳಿದುಕೊಂಡು ದೇವರ ಕೋಣೆಯಲ್ಲಿ ಕೂತಿತ್ತು.

“ಪೂಜೆ ಮಾಡಿಯಾಯ್ತು ಜಲಜಕ್ಕ. ಇನ್ನು ಎಬ್ಬಿಸುವುದು ಹೇಗೆ?” ಎಂದ ತನಿಯಪ್ಪ.

“ಎಂತ ಮಾರಾಯ! ಊರಿನವರು ಕಾಯ್ಲಿಕ್ಕೆ ಕೊಟ್ಟದ್ದನ್ನು ನಿನ್ನದೇ ಮಾಡಿಕೊಂಡದ್ದಾ? ಇದಿಲ್ಲದಿದ್ರೆ ಮುನ್ನೂರು ವರ್ಷದ ಕಮಾನು ನಿಲ್ಲುವುದೇ ಇಲ್ಲ. ಊರಿನ ದೇವರೆಲ್ಲ ಉತ್ಸವದಲ್ಲಿ ಅದರಡಿಯಲ್ಲೇ ಹೋಗುವುದು. ನಿನ್ನ ದೇವರಿಗೆ ಮಾತ್ರ ಒಳಗೆ ಕೂತು ಎಂತ ಕೆಲಸ?”

ತನಿಯಪ್ಪ ದೀಪವನ್ನು ಸರಿಸಿ, ಕುಂಕುಮ ಒರೆಸದೆಯೇ ಕಲ್ಲನ್ನೆತ್ತಿ ಅವಳ ತಲೆಯ ಸಿಂಬಿಯ ಮೇಲಿಟ್ಟ.