ಯಲ್ಲಾಪುರದ ಜೋಡಿ

"ಟೀಚರ್, ನಾಳೆ ಅಪ್ಪಯ್ಯನ ಸಂಗಡ ಯಲ್ಲಾಪುರಕ್ಕೆ ಹೋಗ್ತೆ. ಹುಸ್ನಾ ಮನೆ ಎಲ್ಲಿ ಹೇಳಿ ಕೇಳಕಾಗಿತ್ತು."

ಒಂಬತ್ತನೇ ತರಗತಿಯ ಸಂಹಿತಾ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ. ದೇವಕಿ ಟೀಚರ್ ಕುರ್ಚಿಯಿಂದ ಎದ್ದೇಬಿಟ್ಟರು. ಉಪ್ಪಿನಕಾಯಿಯ ಚಪಲ ಹುಸ್ನಾಳದ್ದಲ್ಲ, ಟೀಚರದ್ದು. ಹುಸ್ನಾಳಿಗೆ ಅದೆಂದರೆ ಪ್ರಾಣವೆಂದು ಪತ್ರದಲ್ಲಿ ಬರೆದವರೂ ಅವರೇ.

ಸಿದ್ದಾಪುರದ ಈ ಶಾಲೆಯ ಮಕ್ಕಳೂ ಯಲ್ಲಾಪುರದ ಒಂದು ಶಾಲೆಯ ಮಕ್ಕಳೂ ಜೋಡಿ ಜೋಡಿಯಾಗಿ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕಥೆ ಕಟ್ಟುವ ಏರ್ಪಾಡು ಆ ವರ್ಷ ಶುರುವಾಗಿತ್ತು. ಒಂದು ವಾರ ಇವರ ಪ್ಯಾರಾ, ಮುಂದಿನ ವಾರ ಅವರದ್ದು, ಜೊತೆಗೊಂದು ಪತ್ರ. ಇಂಟರ್‌ನೆಟ್ ಇದ್ದದ್ದು ಆಫೀಸಿನಲ್ಲಿ ಮಾತ್ರ. ಬಂದದ್ದನ್ನು ಟೀಚರೇ ಫ್ಲಾಪಿಗೆ ಹಾಕಿ ತರುತ್ತಿದ್ದರು. ಮೂರನೇ ವಾರಕ್ಕೆ, ಸಂಹಿತಾಳ ಜೋಡಿಯಾಗಿದ್ದ ಹುಸ್ನಾಳ ಅಪ್ಪ ಬದ್ರುದ್ದೀನ್ ಲಾರಿ ಕೆಲಸಕ್ಕೆಂದು ಸಂಸಾರ ಸಮೇತ ಹಾವೇರಿಗೆ ಹೋದರೆಂದು ಸುದ್ದಿ ಬಂತು. ಇಂಗ್ಲಿಷ್ ಎಂದರೆ ತಲೆ ತಗ್ಗಿಸುತ್ತಿದ್ದ ಸಂಹಿತಾ ಆಗಷ್ಟೇ ಬಾಯಿ ಬಿಡತೊಡಗಿದ್ದಳು. ಮತ್ತೆ ಮುದುಡಿಕೊಂಡಾಳೆಂದು ಟೀಚರ್ ಹುಸ್ನಾಳ ಹೆಸರಲ್ಲಿ ಒಂದು ಪತ್ರ ಕುಟ್ಟಿದರು. ಒಂದು ಹೋಗಿ ಹನ್ನೊಂದಾಯಿತು. ಹುಡುಗಿ ಊಟಕ್ಕೂ ಡಿಕ್ಷನರಿ ಹಿಡಿದು ಕೂರುವಂತಾದಳು. ಆ ಖುಷಿಯಲ್ಲಿ ಟೀಚರಿಗೆ ತಾವು ಹೇಳುತ್ತಿರುವುದು ಸುಳ್ಳೆಂಬುದೇ ಮರೆತುಹೋಗಿತ್ತು.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬಾಟಲಿ ನೋಡಿ ಹೇಳಲಾಗಲಿಲ್ಲ.

"ಹುಸ್ನಾ ಅಲ್ಲಿಲ್ಲೆ ತಂಗಿ. ಮಳೆಗಾಲದಲ್ಲೇ ಊರು ಬಿಟ್ಟಿದ್ದು. ಆಮೇಲಿನ ಪತ್ರ ಆನೇ ಬರೆದಿದ್ದು." ಟೀಚರ್ ತಮ್ಮತ್ತಲೇ ಬೆರಳು ತೋರಿದರು.

"ಎಲ್ಲವಾ?"

"ಎಲ್ಲವೂ. ನೀ ಕಲೀಲಿ ಹೇಳಿ."

ಸಂಹಿತಾಳ ಮುಖ ಕೆಂಪಾಯಿತು. "ಹಂಗಾರೆ ನಿಮ್ಮನ್ನ ಕಂಡ್ರೆ ಹೆದರಿಕೆ ಹೇಳಿ ಹುಸ್ನಾಗೆ ಬರೆದಿದ್ದು...?"

"ಓದಿದ್ದೆ."

ನನಗೂ ನಮ್ಮ ಟೀಚರನ್ನು ಕಂಡರೆ ಹೆದರಿಕೆಯೇ ಎಂದು ಹುಸ್ನಾಳ ಹೆಸರಲ್ಲಿ ಅದಕ್ಕೆ ಉತ್ತರ ಬರೆದದ್ದು ನೆನಪಾಗಿ ದೇವಕಿ ಟೀಚರ್ ನಾಚಿಕೆಯಿಂದ ಕುಗ್ಗಿಹೋದರು. ಸಂಹಿತಾ ಬಾಟಲಿಯನ್ನು ಮೇಜಿನ ಮೇಲಿಟ್ಟು ಹೋದಳು. ಮುಂದಿನ ವಾರದಿಂದ ಕಂಪ್ಯೂಟರಿನ ಎದುರು ಕೈಕಟ್ಟಿ ಕೂತಳು. ಬೈದರೂ ಅಷ್ಟೇ, ರಮಿಸಿದರೂ ಅಷ್ಟೇ.

ಟೀಚರ್ ಪಟ್ಟು ಬಿಡಲಿಲ್ಲ. ಯಲ್ಲಾಪುರದಲ್ಲಿ ಅವರಿವರನ್ನು ಕೇಳಿ, ಹಾವೇರಿಯ ಶಾಲೆ ಪತ್ತೆ ಮಾಡಿ, ಅಲ್ಲಿಯ ಮಾಸ್ತರರಿಗೆ ಬರೆದು ಕಾದರು. ತಿಂಗಳ ಮೇಲೆ ಹುಸ್ನಾಳೇ ಸೈಬರ್ ಕೆಫೆಯಲ್ಲಿ ಕೂತು ಕಳಿಸಿದ ಪತ್ರ ಬಂತು. ಇಂಗ್ಲಿಷಿನಲ್ಲಿ ಸಾಲಿಗೆರಡು ತಪ್ಪು. ನಮ್ಮ ಕಥೆ ಎಲ್ಲಿಗೆ ಬಂತು, ನನ್ನನ್ನು ಮರೆತೆಯಾ ಎಂದು ಕೇಳಿದ್ದಳು. ಟೀಚರ್ ಫ್ಲಾಪಿ ಹಿಡಿದು ಓಡೋಡಿ ಬಂದರು.

ಸಂಹಿತಾ ಪರದೆಯ ಮೇಲಿನ ಪತ್ರವನ್ನು ಕೊನೆಯವರೆಗೂ ಓದಿದಳು. ಆಮೇಲೆ ಟೀಚರ್ ಕಡೆ ತಿರುಗಿ, ಸಿಟ್ಟೇನೂ ಇಲ್ಲದೆ ಕೇಳಿದಳು:

"ಈ ತಪ್ಪೆಲ್ಲ ನೀವೇ ಬೇಕು ಹೇಳಿ ಹಾಕಿದ್ರಾ ಟೀಚರ್?"