ಒಂಟಿ ಚಪ್ಪಲಿ

ಮಂಚದ ಕೆಳಗೂ ಇಲ್ಲ, ಬಾಗಿಲ ಹಿಂದೆಯೂ ಇಲ್ಲ. ಮೊನ್ನೆಯಷ್ಟೇ ಕೆಂಪು ದಾರದಲ್ಲಿ ಅವಳೇ ಹೊಲಿದುಕೊಂಡಿದ್ದ ಚರ್ಮದ ಚಪ್ಪಲಿ. ಎಡಗಾಲಿನದು ಮಾತ್ರ ಮಾಯ. ಬಚ್ಚಿಟ್ಟವರು ಯಾರೆಂದು ಶಾಸ್ತ್ರ ಕೇಳಬೇಕಾಗಿರಲಿಲ್ಲ. ಬರಿಗಾಲಲ್ಲಿ ಹೆಂಡತಿ ಎಷ್ಟು ದೂರ ಹೋದಾಳು ಎಂಬುದು ಗಂಡನ ಎಣಿಕೆ.

ಗಂಡ ಶಿಲ್ಪಿ. ಕಲ್ಲು ಮುಟ್ಟಿದವನಲ್ಲ, ಮನೆಯ ಸಾಮಾನೇ ಅವನಿಗೆ ಕಲ್ಲು. ಬಾಚಣಿಗೆ, ಸೌಟು, ಹರಿದ ಚೀಲ ಸೇರಿಸಿ ಅವನು ಮಾಡಿದ್ದ ಅಂಚೆಯವನ ಗೊಂಬೆಯನ್ನು ಪಕ್ಕದ ಮನೆಯ ಅಜ್ಜಿ ನಿಜವೆಂದೇ ನಂಬಿ ಮಗನ ಕಾಗದ ಕೇಳಿದ್ದಳು. "ಕಿವಿ ಸರಿ ಬಂತೋ, ಮನುಷ್ಯ ಬಂದ ಹಾಗೆ," ಅನ್ನುತ್ತಿದ್ದ. ಹೊಲಿಗೆ, ಅಂಟು, ಬಣ್ಣವೆಲ್ಲ ಅವಳದು. ಹೆಸರು ಅವನದು.

ಅವಳು ಹೊಸ್ತಿಲ ಕಡೆ ತಿರುಗಿದರೆ ಸಾಕು, "ಎಲ್ಲಿಗೆ?" ಅಕ್ಕನ ಮುಖ ನೋಡಿ ವರ್ಷಗಳಾಗಿದ್ದವು. ನಿನ್ನೆ ಅದಕ್ಕೇ ಜಗಳ.

"ನನ್ನನ್ನ ಯಾಕೆ ಹೀಗೆ ಕಟ್ಟಿಹಾಕಿದೀರಿ?"

"ಕಾಯೋನಿಗೂ ಅದೇ ಜೈಲು ಕಣೇ. ನಂಗೂ ಸಾಕಾಗಿದೆ."

ಬೆಳಿಗ್ಗೆಯಿಂದ ಅವನು ಮುಂಬಾಗಿಲ ಪಕ್ಕದ ಕಿಟಕಿಗೆ ಮುಖ ಮಾಡಿ ಕೂತವನು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವಳಿಟ್ಟ ಚಹಾ ಹಾಗೇ ಆರಿತ್ತು. ಮುನಿಸಿಕೊಂಡರೆ ದಿನವಿಡೀ ಬಾಯಿಗೆ ಬೀಗ. ಇವತ್ತು ಅದೇ ಅವಳ ಪುಣ್ಯ.

ಒಳಕೋಣೆಯಲ್ಲಿ, ಹೊಲಿಗೆ ಯಂತ್ರದ ಮುಂದೆ, ಅವಳು ತನ್ನನ್ನೇ ಮಾಡಿ ಕೂರಿಸಿದ್ದಳು. ದಿಂಬುಗಳು ಬೆನ್ನಾಗಿದ್ದವು, ನೆಲ ಒರೆಸುವ ದಾರಗಳು ಜಡೆಯಾಗಿದ್ದವು. ಫ್ಯಾನಿನ ಗಾಳಿಗೆ ಹೆಗಲ ಶಾಲು ಉಸಿರಾಡಿದಂತೆ ಏಳುತ್ತಿತ್ತು. ಗುರುವಿಗೇ ತಿರುಮಂತ್ರ! ಅವನು ಇಣುಕಿದರೂ ಸಂಜೆಯವರೆಗೆ ಮೋಸ ತಿಳಿಯದು. ಅಷ್ಟರಲ್ಲಿ ಅವಳು ಅಕ್ಕನ ಮನೆ ಸೇರಿರುತ್ತಾಳೆ. ಆದರೆ ಗೊಂಬೆಗೆಂದು ಹುಡುಕಿದಾಗ ಸೌಟು, ಬ್ರಷ್ಷು, ಹಳೇ ಕೋಟು ಒಂದೂ ಸಿಕ್ಕಿರಲಿಲ್ಲ. ಮಹಾಶಯ ಯಾವುದೋ ಹೊಸ ಕೆಲಸಕ್ಕೆ ಬಳಿದುಕೊಂಡಿರಬೇಕು ಅಂದುಕೊಂಡಿದ್ದಳು.

ಹಾಳಾಗಿ ಹೋಗಲಿ ಚಪ್ಪಲಿ. ಬರಿಗಾಲಲ್ಲೇ ಹೊರಟಳು. ಅವನ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ಹಾದು, ಚಿಲಕಕ್ಕೆ ಕೈಹಾಕಿದಳು. ಚಿಲಕ ಹಾಕಿರಲೇ ಇಲ್ಲ.

ಬಾಗಿಲು ಕಿರುಗುಟ್ಟಿತು. ಅವಳು ಕಣ್ಣುಮುಚ್ಚಿ ನಿಂತಳು. "ಎಲ್ಲಿಗೆ?" ಬರಲಿಲ್ಲ. ಇಷ್ಟು ವರ್ಷ ಕೇಳಿದ ಮಾತು, ಅದಿಲ್ಲದೆ ಹೆಜ್ಜೆ ಮುಂದೆ ಹೋಗಲೊಲ್ಲದು. ಮೆಲ್ಲನೆ ತಿರುಗಿ ನೋಡಿದಳು.

ಗಂಡನ ಎಡಗಿವಿಯ ಹಿಂದೆ, ಮೊನ್ನೆ ಚಪ್ಪಲಿಗೆ ಅವಳೇ ಹಾಕಿದ್ದ ಕೆಂಪು ದಾರದ ಹೊಲಿಗೆ.