ಫೋಟೊಗೆ ಇನ್ನೊಂದು ಕೊಡ

ಬಾವಿಯ ನೀರನ್ನು ಮನೆಯವರೆಗೆ ತಳ್ಳಲೆಂದು ಹೆಂಡತಿ ತರಿಸಿದ್ದ ಕೈಪಂಪನ್ನು ಗಂಡ ಅವಳಿಗೆ ಹೇಳದೆ, ಬಂದ ದೋಣಿಯಲ್ಲೇ ವಾಪಸು ಕಳಿಸಿದ. ಯಾರ ಹಂಗಿಲ್ಲದೆ ಬದುಕಲೆಂದು ಇಬ್ಬರೂ ಬಂದು ನೆಲೆಸಿದ್ದ ಈ ದ್ವೀಪಕ್ಕೆ ಯಂತ್ರ ಬರಕೂಡದು ಎಂಬುದು ಅವನ ನಿಯಮ. ಬಾವಿ ದಿಬ್ಬದ ಕೆಳಗಿತ್ತು, ಮನೆ ನೆತ್ತಿಯಲ್ಲಿತ್ತು. ಎಂಟು ತಿಂಗಳು ಕೊಡ ಹೊತ್ತು ಅವಳ ಬಲಗೈ ಈಗ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ.

ಅಂದು ಅವನ ಗೆಳೆಯರು ಈ ಸ್ವಾವಲಂಬಿ ಬದುಕನ್ನು ನೋಡಲು ಬಂದಿದ್ದರು. ಅವಳು ತುಂಬಿದ ಕೊಡ ಇಳಿಸಿ ಏದುಸಿರು ಬಿಡುವಾಗ ಒಬ್ಬಾತ ಕ್ಯಾಮೆರಾ ತಡಕುತ್ತ, "ಅಯ್ಯೋ, ಮಿಸ್ ಆಯ್ತಲ್ಲ ಅತ್ತಿಗೆ!" ಎಂದ.

"ಅದಕ್ಕೇನಂತೆ? ಆ ನೀರು ಗಿಡಕ್ಕೆ ಸುರಿದು ಇನ್ನೊಂದ್ಸಲ ಹೊತ್ಕೊಂಡು ಬಾರೇ," ಎಂದ ಗಂಡ, ಕನ್ನಡಕ ಒರೆಸಿಕೊಳ್ಳುತ್ತ. "ನಮ್ಮ ಕೈಕಾಲೇ ನಮ್ಮ ಯಂತ್ರ ಅಂತ ಇವರಿಗೂ ಗೊತ್ತಾಗ್ಲಿ."

"ನಮ್ಮ ಕೈಕಾಲಾ? ನೀವು ಬಾವಿಕಟ್ಟೆ ಹತ್ತಿದ್ದು ಯಾವತ್ರೀ? ಆ ಕನ್ನಡಕ ಯಾವ ಮರದಲ್ಲಿ ಬಿಡ್ತು, ಅದನ್ನೂ ಹೇಳಿ ಇವರಿಗೆ."

ನಗಲು ಹೊರಟ ಗೆಳೆಯರು ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

"ಎಲ್ಲರೆದುರು ಮಾನ ಕಳೀಬೇಡ. ಎತ್ತು ಕೊಡ."

ಅವಳು ಮೆಟ್ಟಿಲ ಮೇಲೆ ಕಾಲು ನೀಡಿ ಕೂತಳು.

"ಎತ್ತಲ್ಲ. ಇನ್ಮೇಲೆ ಒಂದು ತಂಬಿಗೆ ನೀರೂ ತರಲ್ಲ."